ಮೂರು ತಿಂಗಳ ಸರ್ಟಿಫಿಕೇಟು ಮತ್ತು ಪುಟ ಕಟ್ಟುವ ವಿದ್ಯೆ

ಪ್ರತಿವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದ ಬೆನ್ನಿಗೇ ನಮ್ಮ ಪಟ್ಟಣಗಳ ಗೋಡೆಗಳಲ್ಲಿ, ಬಸ್ ನಿಲ್ದಾಣದ ಕಂಬಗಳಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರಗಳ ಭಿತ್ತಿಪತ್ರಗಳು ಕಾಣಿಸಿಕೊಳ್ಳುತ್ತವೆ. ಮೂರು ತಿಂಗಳಲ್ಲಿ ಡಿ.ಟಿ.ಪಿ., ಆರು ತಿಂಗಳಲ್ಲಿ ಡಿಪ್ಲೊಮಾ, ಬಳಿಕ ಉದ್ಯೋಗ ಎಂಬ ಭರವಸೆ ಅವುಗಳಲ್ಲಿರುತ್ತದೆ. ಹೆಚ್ಚು ಅಂಕ ಗಳಿಸಿದ ಮಕ್ಕಳು ವಿಜ್ಞಾನ, ವಾಣಿಜ್ಯವೆಂದು ಕಾಲೇಜು ಸೇರುತ್ತಾರೆ. ಹಿಂದುಳಿದವರು ಈ ಕೇಂದ್ರಗಳ ಮೆಟ್ಟಿಲು ಹತ್ತುತ್ತಾರೆ. ಅವರಲ್ಲಿ ನಮ್ಮ ಸಮುದಾಯದ ಮಕ್ಕಳು ಕಡಿಮೆಯೇನಿಲ್ಲ. ಹುಡುಗನಾದರೆ ವೀಸಾ ಬರುವವರೆಗೆ, ಹುಡುಗಿಯಾದರೆ ಸಂಬಂಧ ಕೂಡಿಬರುವವರೆಗೆ ಸುಮ್ಮನೆ ಮನೆಯಲ್ಲಿ ಕೂರುವ ಬದಲು ಏನಾದರೊಂದು ಕಲಿಯಲಿ ಎಂಬುದು ಹೆತ್ತವರ ಲೆಕ್ಕಾಚಾರ. ಕೈಯಲ್ಲೊಂದು ಸರ್ಟಿಫಿಕೇಟು ಬರುತ್ತದೆ. ಅದು ಎಷ್ಟು ಕಾಲ ಬಾಳುತ್ತದೆ ಎಂಬುದನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ.

ಡಿ.ಟಿ.ಪಿ.ಯನ್ನು ಸೋತವರ ಕಸುಬೆಂದು ಬಗೆದಿರುವ ಈ ಧೋರಣೆಯನ್ನು ನಾವು ಒಪ್ಪುವುದಿಲ್ಲ. ಮನದ ಮಾತನ್ನು ಓದುಗನ ಕೈ ಸೇರುವ ಅಚ್ಚಿನ ಪುಟವಾಗಿಸುವ ವಿದ್ಯೆಯದು. ಎಸ್ಸೆಸ್ಸೆಲ್ಸಿಯಲ್ಲಿ ಎಡವಿದ ಮೇಲೆ ಹಣ ತೆತ್ತು ಮೂರು ತಿಂಗಳಲ್ಲಿ ನುಂಗಬೇಕಾದ ಗುಳಿಗೆಯಾಗಿ ಅದು ಮಕ್ಕಳಿಗೆ ಸಿಗಬಾರದು. ಎಂಟು, ಒಂಬತ್ತನೇ ತರಗತಿಯಲ್ಲೇ, ಶಾಲೆಯ ಒಳಗೇ, ಭಾಷೆಯ ಪಾಠದ ಜೊತೆಗೇ ಎಲ್ಲ ಮಕ್ಕಳಿಗೂ ಸಿಗಬೇಕು. ಪುಟ ಕಟ್ಟಲು ಬಾರದ ಸಮುದಾಯವು ತನ್ನ ಮಾತಿಗಾಗಿ ಸದಾ ಇನ್ನೊಬ್ಬರ ಪುಟದ ಅಂಚಿನಲ್ಲಿ ಜಾಗ ಕೇಳುತ್ತಾ ನಿಲ್ಲಬೇಕಾಗುತ್ತದೆ.

ಈ ವಿದ್ಯೆಗೆ ಇತಿಹಾಸವಿದೆ. ಬಗ್ದಾದ್‌ನ ವೈಭವದ ದಿನಗಳಲ್ಲಿ ವರ್‍ರಾಕ್ ಎಂದು ಕರೆಯಲ್ಪಡುತ್ತಿದ್ದ ವರ್ಗವೊಂದಿತ್ತು. ಕಾಗದ ಮಾರುವುದು, ಗ್ರಂಥಗಳ ಪ್ರತಿ ಮಾಡುವುದು, ಅವುಗಳನ್ನು ಮೂಲದೊಂದಿಗೆ ಹೋಲಿಸಿ ತಿದ್ದುವುದು, ಮಾರಾಟ ಮಾಡುವುದು ಅವರ ಕಸುಬು. 10ನೇ ಶತಮಾನದಲ್ಲಿ ಅರಬಿ ಗ್ರಂಥಗಳ ಮಹಾಸೂಚಿಯಾದ ‘ಅಲ್ ಫಿಹ್‌ರಿಸ್ತ್’ ರಚಿಸಿದ ಇಬ್ನುನ್ನದೀಮ್ ಅಂಥ ವೃತ್ತಿಯವನು. ಪ್ರತಿ ಮಾಡುವ ಕೈಗಳು ಓದುವ ಕೈಗಳೂ ಆಗಿದ್ದುದರಿಂದಲೇ ಅಂಗಡಿಯೊಂದರಿಂದ ಅಂಥ ವಿದ್ವಾಂಸನೊಬ್ಬ ಎದ್ದುಬರುವುದು ಸಾಧ್ಯವಾಯಿತು.

ಆದರೆ ಅಚ್ಚಿನ ಯಂತ್ರದ ಕಾಲ ಬಂದಾಗ ಚಿತ್ರ ಬದಲಾಯಿತು. ಗುಟೆನ್‌ಬರ್ಗ್ ಯುರೋಪಿನಲ್ಲಿ ಬೈಬಲನ್ನು ಮುದ್ರಿಸಿದ್ದು 1455ರ ಸುಮಾರಿಗೆ. ಇಸ್ತಾಂಬುಲ್‌ನಲ್ಲಿ ಯಹೂದಿಯರ ಮುದ್ರಣಾಲಯ ಆ ಶತಮಾನದ ಕೊನೆಗೇ ಕೆಲಸ ಮಾಡುತ್ತಿತ್ತು. ಅದೇ ನಗರದಲ್ಲಿ ಇಬ್ರಾಹೀಮ್ ಮುತಫರ್ರಿಕಾ ತುರ್ಕಿ ಗ್ರಂಥಗಳನ್ನು ಮುದ್ರಿಸಲು ಅನುಮತಿ ಪಡೆದದ್ದು 1727ರಲ್ಲಿ. ಮೊದಲ ಪುಸ್ತಕ ಹೊರಬಂದದ್ದು 1729ರಲ್ಲಿ. ಈ ವಿಳಂಬಕ್ಕೆ ಇತಿಹಾಸಕಾರರು ಬೇರೆ ಬೇರೆ ಕಾರಣಗಳನ್ನು ಮುಂದಿಡುತ್ತಾರೆ. ಕಾರಣ ಯಾವುದೇ ಇರಲಿ, ಜ್ಞಾನವು ಯಂತ್ರದ ವೇಗದಲ್ಲಿ ಹರಡತೊಡಗಿದ್ದಾಗ ನಾವು ಕೈಬರಹದ ವೇಗದಲ್ಲೇ ಇದ್ದೆವು ಎಂಬುದನ್ನು ಮರೆಮಾಚಲಾಗದು.

ನಮ್ಮ ನಾಡಿನ ಕಥೆಯೂ ಭಿನ್ನವಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಮುದ್ರಣಾಲಯ ಆರಂಭವಾದುದು 1841ರಲ್ಲಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹರ್ಮನ್ ಮೋಗ್ಲಿಂಗ್ ಹೊರತಂದದ್ದು 1843ರ ಜುಲೈ 1ರಂದು. ಸಮುದ್ರ ದಾಟಿ ಬಂದ ಪಾದ್ರಿಗಳು ಕನ್ನಡ ಕಲಿತರು, ಕಲ್ಲಚ್ಚಿನಲ್ಲಿ ಕನ್ನಡ ಪತ್ರಿಕೆ ಮುದ್ರಿಸಿದರು. ಇದೇ ಕರಾವಳಿಯಲ್ಲಿ ಶತಮಾನಗಳಿಂದ ಬಾಳಿದ ನಮ್ಮ ಸಮುದಾಯ ಕನ್ನಡದ ಅಚ್ಚಿಗೆ ಬಹಳ ತಡವಾಗಿ ಬಂತು. ಅದರ ಪರಿಣಾಮವನ್ನು ನಾವು ಇಂದಿಗೂ ಅನುಭವಿಸುತ್ತಿದ್ದೇವೆ. ನಮ್ಮ ಬಗ್ಗೆ ಬರೆಯಲ್ಪಟ್ಟದ್ದು ಬಹಳ. ನಾವೇ ಬರೆದದ್ದು ಕಡಿಮೆ.

ಈ ದೂರವನ್ನು ಕಡಿಮೆ ಮಾಡಲು ಅವಕಾಶ ಕೊಟ್ಟದ್ದೇ ಡಿ.ಟಿ.ಪಿ. ಅದಕ್ಕೆ ಮುಂಚೆ ಒಂದು ಪುಟ ಸಿದ್ಧವಾಗಬೇಕಾದರೆ ಸೀಸದ ಮೊಳೆಗಳು, ಮೊಳೆ ಜೋಡಿಸುವ ನುರಿತ ಕೈಗಳು, ಭಾರೀ ಯಂತ್ರಗಳು, ಅವೆಲ್ಲಕ್ಕೂ ಬಂಡವಾಳ ಬೇಕಿತ್ತು. 1985ರಲ್ಲಿ ಆ್ಯಪಲ್ ಕಂಪೆನಿಯ ಲೇಸರ್ ಪ್ರಿಂಟರ್, ಅಡೋಬಿಯ ಪೋಸ್ಟ್‌ಸ್ಕ್ರಿಪ್ಟ್ ಮತ್ತು ಆಲ್ಡಸ್ ಕಂಪೆನಿಯ ಪೇಜ್‌ಮೇಕರ್ ಒಂದುಗೂಡಿದಾಗ ಆ ಇಡೀ ಮುದ್ರಣಾಲಯದ ಮುಂಭಾಗ ಒಂದು ಮೇಜಿನ ಮೇಲೆ ಬಂದು ಕುಳಿತಿತು. ಕನ್ನಡಕ್ಕೆ ಶ್ರೀಲಿಪಿ, ಬರಹ, ನುಡಿ ಬಂದವು. ಮಂಗಳೂರು ಸಮೀಪದ ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು ಕರ್ನಾಟಕ ಸರಕಾರ ಅಧಿಕೃತವಾಗಿ ಅಂಗೀಕರಿಸಿತು. ಸಣ್ಣ ಊರಿನ ಸಣ್ಣ ಗುಂಪು ಕೂಡ ತನ್ನದೊಂದು ಪತ್ರಿಕೆ ಹೊರಡಿಸಬಹುದಾದ ಕಾಲ ಬಂತು.

ಉರ್ದುವಿನಲ್ಲಿ ಈ ಬದಲಾವಣೆ ಇನ್ನೂ ತೀವ್ರವಾಗಿತ್ತು. ನಸ್ತಾಲೀಕ್ ಲಿಪಿಯ ಬಳುಕು ಸೀಸದ ಮೊಳೆಗೆ ಒಗ್ಗಲಿಲ್ಲ. ಆದ್ದರಿಂದ ಉರ್ದು ಪತ್ರಿಕೆಗಳನ್ನು ಕಾತಿಬರು ಕೈಯಿಂದಲೇ ಬರೆಯುತ್ತಿದ್ದರು. 1927ರಲ್ಲಿ ಆರಂಭವಾದ ಚೆನ್ನೈನ ‘ದಿ ಮುಸಲ್ಮಾನ್’ ದಿನಪತ್ರಿಕೆ ಈ ಶತಮಾನದಲ್ಲೂ ಕೈಬರಹದಲ್ಲೇ ಹೊರಬಂದು ಜಗತ್ತಿನ ಗಮನ ಸೆಳೆಯಿತು. 1981ರಲ್ಲಿ ನೂರಿ ನಸ್ತಾಲೀಕ್ ಎಂಬ ಯಂತ್ರಲಿಪಿ ಬಂತು. 1994ರಲ್ಲಿ ದೆಹಲಿಯ ಕಂಪೆನಿಯೊಂದು ಇನ್‌ಪೇಜ್ ತಂತ್ರಾಂಶವನ್ನು ಹೊರತಂದಿತು. ಕೆಲವೇ ವರ್ಷಗಳಲ್ಲಿ ಕಾತಿಬರ ಲೇಖನಿ ಬದಿಗೆ ಸರಿಯಿತು. ಹೊಸ ಯಂತ್ರವನ್ನು ಕಲಿತವರು ಉಳಿದುಕೊಂಡರು, ಕಲಿಯಲಾಗದವರು ಕಸುಬು ಕಳೆದುಕೊಂಡರು. 1996ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಉರ್ದು ಭಾಷಾ ಅಭಿವೃದ್ಧಿ ಮಂಡಳಿಯು ಕಂಪ್ಯೂಟರ್ ಬಳಕೆ, ಲೆಕ್ಕಪತ್ರ ಮತ್ತು ಬಹುಭಾಷಾ ಡಿ.ಟಿ.ಪಿ.ಯನ್ನು ಒಳಗೊಂಡ ಒಂದು ವರ್ಷದ ಡಿಪ್ಲೊಮಾವನ್ನು ದೇಶದ ಹಲವೆಡೆ ನಡೆಸಿದ್ದರ ಹಿನ್ನೆಲೆ ಇದುವೇ.

ಕಾತಿಬರಿಗೆ ಆದದ್ದು ಇಂದು ಡಿ.ಟಿ.ಪಿ. ಆಪರೇಟರುಗಳಿಗೆ ಆಗುತ್ತಿದೆ. ಆ್ಯಲ್ಡಸನ್ನು 1994ರಲ್ಲಿ ಖರೀದಿಸಿದ ಅಡೋಬಿ ಕಂಪೆನಿಯು ಪೇಜ್‌ಮೇಕರ್‌ನ ಕೊನೆಯ ಆವೃತ್ತಿಯನ್ನು ಹೊರತಂದದ್ದು 2001ರಲ್ಲಿ. ಬಳಿಕ ಅದರ ಬೆಳವಣಿಗೆಯನ್ನು ನಿಲ್ಲಿಸಿ ಇನ್‌ಡಿಸೈನ್ ಕಡೆಗೆ ಹೊರಳಿತು. ಇತ್ತೀಚೆಗೆ ಸಿದ್ಧ ಮಾದರಿಗಳನ್ನು ಒದಗಿಸುವ ಕ್ಯಾನ್ವಾದಂಥ ಸೇವೆಗಳು ಬಂದಿವೆ. ಆಮಂತ್ರಣ ಪತ್ರಿಕೆಯನ್ನು ಮೊಬೈಲಿನಲ್ಲೇ ಯಾರೂ ಮಾಡಿಕೊಳ್ಳಬಹುದು. ಕೃತಕ ಬುದ್ಧಿಮತ್ತೆಯು ಹೇಳಿದ ಮಾತಿಗೆ ಚಿತ್ರವನ್ನೂ ವಿನ್ಯಾಸವನ್ನೂ ಬರೆದುಕೊಡುತ್ತಿದೆ. ಹೀಗಿರುವಾಗ ಯಾವ ಮೆನುವಿನಲ್ಲಿ ಯಾವ ಗುಂಡಿ ಇದೆ ಎಂಬುದನ್ನಷ್ಟೇ ಕಲಿಸಿ, ಅದಕ್ಕೊಂದು ಸರ್ಟಿಫಿಕೇಟು ಕೊಟ್ಟು ಕಳುಹಿಸುವುದು ಮಕ್ಕಳಿಗೆ ಮಾಡುವ ಅನ್ಯಾಯ. ಸರಕಾರದ ಐ.ಟಿ.ಐ.ಗಳ ಪಠ್ಯಕ್ರಮದಲ್ಲೇ ಡಿ.ಟಿ.ಪಿ. ಆಪರೇಟರ್ ಎಂಬುದು ಹತ್ತನೇ ತರಗತಿ ಮುಗಿಸಿದವರಿಗೆ ಒಂದು ವರ್ಷದ ತರಬೇತಿ. ಅದನ್ನು ಮೂರು ತಿಂಗಳಲ್ಲಿ ಕಲಿಸುತ್ತೇವೆ ಎನ್ನುವವರು ಏನನ್ನು ಬಿಟ್ಟುಬಿಡುತ್ತಾರೆ ಎಂದು ಹೆತ್ತವರು ಕೇಳಬೇಡವೇ?

ಅವರು ಬಿಟ್ಟುಬಿಡುವುದು ಇಡೀ ವಿದ್ಯೆಯ ತಿರುಳನ್ನೇ. ಮೊದಲನೆಯದು ಭಾಷೆ. ನಮ್ಮ ಬಹುಪಾಲು ಮಕ್ಕಳು ಬ್ಯಾರಿ, ದಖನಿ, ನವಾಯತಿ ಅಥವಾ ಉರ್ದು ಮಾತನಾಡುವ ಮನೆಗಳಿಂದ ಬರುತ್ತಾರೆ. ಅವರಿಗೆ ಕನ್ನಡ ಶಾಲೆಯ ಮತ್ತು ಬೀದಿಯ ಭಾಷೆ. ಅಲ್ಪಪ್ರಾಣ, ಮಹಾಪ್ರಾಣ, ಶಕಾರ, ಷಕಾರ, ಲಕಾರ, ಳಕಾರಗಳಲ್ಲಿ ಅವರು ಎಡವುತ್ತಾರೆ. ಉತ್ತರಪತ್ರಿಕೆಯಲ್ಲಿ ಶಿಕ್ಷಕರು ಕೆಂಪು ಗೆರೆ ಎಳೆದರೆ ಅದು ಮರುದಿನ ಮರೆತುಹೋಗುತ್ತದೆ. ಅದೇ ಮಗು ತನ್ನ ಹೆಸರಿನ ಕೆಳಗೆ ಅಚ್ಚಾಗುವ ಲೇಖನದಲ್ಲಿ ‘ಹಕ್ಕಿ’ಯು ‘ಅಕ್ಕಿ’ಯಾಗಿರುವುದನ್ನು ಕಂಡಾಗ ತಾನೇ ನಾಚಿ ತಿದ್ದುತ್ತದೆ. ಕರಡು ತಿದ್ದುವುದಕ್ಕಿಂತ ಮಿಗಿಲಾದ ವ್ಯಾಕರಣ ಪಾಠ ಇನ್ನೊಂದಿಲ್ಲ.

ಎರಡನೆಯದು ವಿವೇಚನೆ. ಒಂದು ಪುಟದಲ್ಲಿ ಯಾವುದು ಮೇಲೆ ಬರಬೇಕು, ಯಾವುದು ಕೆಳಗೆ? ಯಾವುದಕ್ಕೆ ದೊಡ್ಡ ಅಕ್ಷರ, ಯಾವುದಕ್ಕೆ ಸಣ್ಣದು? ನಾಲ್ಕು ನೂರು ಪದಗಳ ಬರಹ ಮುನ್ನೂರು ಪದಗಳ ಜಾಗಕ್ಕೆ ಇಳಿಯಬೇಕಾದರೆ ಯಾವ ವಾಕ್ಯವನ್ನು ಬಿಡಬೇಕು? ಇವು ಸಂಪಾದಕನ ಪ್ರಶ್ನೆಗಳು. ಹದಿಮೂರು ವರ್ಷದ ಮಗು ಇವುಗಳನ್ನು ತನ್ನಷ್ಟಕ್ಕೆ ಕೇಳಿಕೊಳ್ಳತೊಡಗಿದರೆ, ಮುಂದೆ ಯಾವುದೇ ಪತ್ರಿಕೆಯ ಮುಖಪುಟವನ್ನು ಕಂಡಾಗ ಯಾರ ಸುದ್ದಿ ಮೇಲಿದೆ, ಯಾರ ಸುದ್ದಿ ಒಳಪುಟದ ಮೂಲೆಯಲ್ಲಿದೆ, ಆರೋಪಿಯ ಹೆಸರು ಯಾವಾಗ ಶೀರ್ಷಿಕೆಗೆ ಏರುತ್ತದೆ, ಯಾವಾಗ ಮರೆಯಾಗುತ್ತದೆ ಎಂಬುದನ್ನು ಅದು ಗ್ರಹಿಸಬಲ್ಲದು. ಮಾಧ್ಯಮಗಳ ಪಕ್ಷಪಾತದ ಬಗ್ಗೆ ವೇದಿಕೆಗಳಲ್ಲಿ ಗಂಟೆಗಟ್ಟಲೆ ಭಾಷಣ ಮಾಡುವ ನಾವು ಮಕ್ಕಳಿಗೆ ಪತ್ರಿಕೆಯ ಪುಟ ಓದುವ ಈ ಕಲೆಯನ್ನು ಎಷ್ಟು ಕಲಿಸಿದ್ದೇವೆ?

ಮೂರನೆಯದು ತಾಂತ್ರಿಕ ಅಡಿಪಾಯ. ಇದು ತಂತ್ರಾಂಶ ಬದಲಾದರೂ ಬದಲಾಗದಂಥದ್ದು. ಎ4 ಹಾಳೆ 210 ಮಿಲಿಮೀಟರ್ ಅಗಲ, 297 ಮಿಲಿಮೀಟರ್ ಉದ್ದ. ಅಕ್ಷರದ ಅಳತೆಯಾದ ಪಾಯಿಂಟ್ ಎಂದರೆ ಅಂಗುಲದ 72ನೇ ಒಂದು ಭಾಗ. ಪರದೆಯು ಕೆಂಪು, ಹಸಿರು, ನೀಲಿ ಬೆಳಕಿನಿಂದ ಬಣ್ಣ ಕಟ್ಟಿದರೆ ಮುದ್ರಣ ಯಂತ್ರವು ನಾಲ್ಕು ಶಾಯಿಗಳಿಂದ ಬಣ್ಣ ಕಟ್ಟುತ್ತದೆ. ಆದ್ದರಿಂದಲೇ ಪರದೆಯಲ್ಲಿ ಹೊಳೆದ ಹಸಿರು ಕಾಗದದಲ್ಲಿ ಮಂಕಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರ ಮೊಬೈಲಿನಲ್ಲಿ ಚೆನ್ನಾಗಿ ಕಂಡರೂ ಅಚ್ಚಿನಲ್ಲಿ ಒಡೆದು ಕಾಣುವುದೇಕೆ, ಪುಸ್ತಕದ ಪುಟಗಳು ಹದಿನಾರರ ಗುಣಕದಲ್ಲಿದ್ದರೆ ಕಾಗದ ಉಳಿಯುವುದೇಕೆ ಎಂಬುದೆಲ್ಲ ಗಣಿತವೂ ಹೌದು, ವಿಜ್ಞಾನವೂ ಹೌದು.

ಇದರಲ್ಲೇ ಕನ್ನಡಕ್ಕೆ ಸಂಬಂಧಿಸಿದ ಒಂದು ಮುಖ್ಯ ವಿಷಯವಿದೆ. ಹಳೆಯ ಕನ್ನಡ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಲಾಗಿತ್ತು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಹುಡುಕಿದರೆ ಒಂದು ಪದವೂ ಸಿಗುವುದಿಲ್ಲ. 1991ರಲ್ಲಿ ಬಂದ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಸ್ಥಾನ ದೊರೆತಿದ್ದರೂ ನಮ್ಮ ಮುದ್ರಣ ಲೋಕ ಬಹುಕಾಲ ಹಳೆಯ ಪದ್ಧತಿಯಲ್ಲೇ ನಡೆಯಿತು. ಹಳೆಯ ಫಾಂಟಿನಲ್ಲಿ ಕೂಡಿಟ್ಟ ಎಷ್ಟೋ ಪತ್ರಿಕೆಗಳ, ಸಂಘಸಂಸ್ಥೆಗಳ ಕಡತಗಳು ಇಂದು ತೆರೆಯಲಾಗದ ಪೆಟ್ಟಿಗೆಗಳಾಗಿವೆ. ಇಂದು ಕಲಿಯುವ ಮಗುವಿಗೆ ಮೊದಲ ದಿನದಿಂದಲೇ ಯುನಿಕೋಡ್‌ನಲ್ಲಿ ಬೆರಳಚ್ಚು ಕಲಿಸಬೇಕು. ಬರೆದದ್ದು ಉಳಿಯಬೇಕಾದರೆ ಅದು ಅನಿವಾರ್ಯ.

ಇದೆಲ್ಲ ಹೈಸ್ಕೂಲು ಮಕ್ಕಳಿಗೆ ಸಾಧ್ಯವೇ ಎಂದು ಕೇಳುವವರು ನೇತ್ರಾವತಿಯಿಂದ ಸ್ವಲ್ಪ ದಕ್ಷಿಣಕ್ಕೆ ನೋಡಲಿ. ಕೇರಳವು 2001ರಲ್ಲಿ ಐ.ಟಿ. ಅಟ್ ಸ್ಕೂಲ್ ಯೋಜನೆಯನ್ನು ಆರಂಭಿಸಿ, ಮುಂದೆ ಅದನ್ನು ಪೂರ್ಣವಾಗಿ ಸ್ವತಂತ್ರ ತಂತ್ರಾಂಶಗಳ ಮೇಲೆ ನಿಲ್ಲಿಸಿತು. ಕಳೆದ ದಶಕದ ಅಲ್ಲಿನ ಹತ್ತನೇ ತರಗತಿಯ ಮಾಹಿತಿ ತಂತ್ರಜ್ಞಾನ ಪುಸ್ತಕದ ಮೊದಲ ಪಾಠಗಳೇ ಇಂಕ್‌ಸ್ಕೇಪ್‌ನಲ್ಲಿ ವಿನ್ಯಾಸ ಮತ್ತು ಲಿಬ್ರೆ ಆಫೀಸ್‌ನಲ್ಲಿ ಪ್ರಕಾಶನ. 2018ರಲ್ಲಿ ಆರಂಭವಾದ ‘ಲಿಟ್ಲ್ ಕೈಟ್ಸ್’ ಎಂಬ ವಿದ್ಯಾರ್ಥಿ ಸಂಘಗಳಲ್ಲಿ ಮಕ್ಕಳು ಮಾತೃಭಾಷೆಯ ಬೆರಳಚ್ಚು ಕಲಿತು ತಮ್ಮ ಶಾಲೆಯ ಡಿಜಿಟಲ್ ಪತ್ರಿಕೆಗಳನ್ನು ತಾವೇ ರೂಪಿಸಿದರು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಇದೇ ಪಠ್ಯಕ್ರಮದಲ್ಲಿ ಕಲಿತಿದ್ದಾರೆ. ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಆದದ್ದು ನಮ್ಮ ಶಾಲೆಗಳಲ್ಲಿ ಆಗದಿರಲು ಕಾರಣವೇನು?

ನಮ್ಮ ರಾಜ್ಯದಲ್ಲಿ ಯೋಜನೆಗಳಿಗೆ ಕೊರತೆಯಿರಲಿಲ್ಲ. ಶಾಲೆಗಳಿಗೆ ಮಾಹಿತಿ ತಂತ್ರಜ್ಞಾನ ಒದಗಿಸುವ ಕೇಂದ್ರದ ಯೋಜನೆ 2004ರಲ್ಲಿ ಬಂತು. 2013ರಲ್ಲಿ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು ಪ್ರಕಟವಾಗಿ, ಅದರಡಿಯಲ್ಲಿ ಆಯ್ದ ಸರಕಾರಿ ಪ್ರೌಢಶಾಲೆಗಳಲ್ಲಿ ಒಂಬತ್ತನೇ ತರಗತಿಯಿಂದ ವೃತ್ತಿ ವಿಷಯವನ್ನು ಆಯ್ದುಕೊಳ್ಳುವ ಅವಕಾಶ ದೊರೆಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರನೇ ತರಗತಿಯಿಂದಲೇ ವೃತ್ತಿ ಪರಿಚಯವಾಗಬೇಕೆಂದಿತು. ಆ ನೀತಿಯ ಉಳಿದ ಅಂಶಗಳ ಬಗ್ಗೆ ಎಷ್ಟೇ ಭಿನ್ನಾಭಿಪ್ರಾಯವಿದ್ದರೂ ಈ ಮಾತನ್ನು ಅಲ್ಲಗಳೆಯಲಾಗದು. ಆದರೆ ಕಂಪ್ಯೂಟರುಗಳು ಧೂಳು ಹಿಡಿದು, ಕೊಠಡಿಯ ಕೀಲಿಕೈ ಮುಖ್ಯೋಪಾಧ್ಯಾಯರ ಮೇಜಿನೊಳಗೆ ಭದ್ರವಾಗಿರುವ ಶಾಲೆಗಳು ಎಷ್ಟಿಲ್ಲ? ಯಂತ್ರ ಖರೀದಿಗೆ ಇರುವ ಉತ್ಸಾಹ ಶಿಕ್ಷಕರ ನೇಮಕಕ್ಕೆ ಇರುವುದಿಲ್ಲ. ಖರೀದಿಗೆ ಉದ್ಘಾಟನೆಯಿದೆ, ಕಲಿಕೆಗೆ ಉದ್ಘಾಟನೆಯಿಲ್ಲವಷ್ಟೆ.

ಸರಕಾರವನ್ನು ದೂರುವುದರೊಂದಿಗೆ ನಮ್ಮ ಹೊಣೆ ಮುಗಿಯುವುದಿಲ್ಲ. 6ರಿಂದ 14 ವರ್ಷದೊಳಗಿನ ಮುಸ್ಲಿಮ್ ಮಕ್ಕಳಲ್ಲಿ ನೂರಕ್ಕೆ 25ರಷ್ಟು ಮಂದಿ ಒಂದೋ ಶಾಲೆಗೆ ಸೇರಿಲ್ಲ ಅಥವಾ ನಡುವೆಯೇ ಬಿಟ್ಟಿದ್ದಾರೆ ಎಂದು 2006ರಲ್ಲಿ ಸಾಚಾರ್ ಸಮಿತಿ ಹೇಳಿತು. ಅದರ ಬಳಿಕ ಸಮುದಾಯದಲ್ಲಿ ಶಾಲೆಗಳು ಹೆಚ್ಚಿವೆ, ಹೆಣ್ಣುಮಕ್ಕಳು ಮುಂದೆ ಬಂದಿದ್ದಾರೆ. ಇದು ಸಂತೋಷದ ವಿಷಯ. ಆದರೆ ನಮ್ಮ ಶಾಲೆಗಳಲ್ಲಿ ಹೆಚ್ಚಿನವು ಅಂಕಗಳ ಓಟದಲ್ಲಿ ತೊಡಗಿವೆ. ಓಟದಲ್ಲಿ ಹಿಂದುಳಿದ ಮಗುವಿಗೆ ತನ್ನಲ್ಲೂ ಒಂದು ಸಾಮರ್ಥ್ಯವಿದೆ ಎಂದು ತೋರಿಸಿಕೊಡುವ ಕೆಲಸ ಅಲ್ಲಿ ನಡೆಯುತ್ತಿಲ್ಲ. ಗಣಿತದಲ್ಲಿ ಹಿಂದಿರುವ ಹುಡುಗ ಪುಟ ಕಟ್ಟುವುದರಲ್ಲಿ ಮುಂದಿರಬಹುದು. ಶಾಲೆ ಬಿಡಲು ಹೊರಟವನನ್ನು ಇಂಥದ್ದೊಂದು ಕೆಲಸ ತರಗತಿಯಲ್ಲೇ ಹಿಡಿದಿಟ್ಟುಕೊಳ್ಳಬಹುದು.

ಪ್ರಾಮಾಣಿಕತೆಯ ಪಾಠವಂತೂ ಈ ವಿದ್ಯೆಯಿಂದ ಬೇರ್ಪಡಿಸಲಾಗದ್ದು. ಪುಟ ಕಟ್ಟಬಲ್ಲವನು ಅಂಕಪಟ್ಟಿಯನ್ನೂ ತಿದ್ದಬಲ್ಲ, ಜನನ ಪ್ರಮಾಣಪತ್ರವನ್ನೂ ಸೃಷ್ಟಿಸಬಲ್ಲ, ಪ್ರತಿಷ್ಠಿತ ಪತ್ರಿಕೆಯ ಹೆಸರಿನಲ್ಲಿ ಸುಳ್ಳು ತುಣುಕನ್ನೂ ತಯಾರಿಸಬಲ್ಲ. ಅಂಥ ಒಂದು ತುಣುಕು ಒಂದು ಊರಿಗೆ ಬೆಂಕಿ ಹಚ್ಚಬಲ್ಲದು ಎಂಬುದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಕಲಿ ದಾಖಲೆ ಸೃಷ್ಟಿ ನೆಲದ ಕಾನೂನಿನಲ್ಲಿ ಅಪರಾಧ, ಸತ್ಯವಿಶ್ವಾಸಿಯ ಪಾಲಿಗೆ ಪಾಪ. ಗೆಳೆಯನಿಗೆ ಉಪಕಾರ ಎಂಬ ನೆಪದಲ್ಲಿ ಎಳೆಯ ಕೈಗಳು ಇದರಲ್ಲಿ ಸಿಲುಕುವ ಮುನ್ನವೇ ಶಾಲೆ ಎಚ್ಚರಿಸಬೇಕು. ಮರುಬದಿಯಿಂದ ನೋಡಿದರೆ, ಪುಟದ ಒಳಗುಟ್ಟು ಬಲ್ಲ ಮಗುವೇ ಸುಳ್ಳು ತುಣುಕನ್ನು ಹಿಡಿದುಕೊಡಬಲ್ಲದು. ಪತ್ರಿಕೆಯ ನಿಜವಾದ ಅಕ್ಷರಶೈಲಿ ಇದಲ್ಲ, ಕಾಲಂನ ಅಗಲ ಹೊಂದುತ್ತಿಲ್ಲ, ದಿನಾಂಕದ ಸಾಲು ವಾರೆಯಾಗಿದೆ ಎಂದು ಅದರ ಕಣ್ಣಿಗೆ ಮೊದಲು ಹೊಳೆಯುತ್ತದೆ.

ಕದ್ದ ತಂತ್ರಾಂಶದ ವಿಷಯವೂ ಇದರೊಂದಿಗೆ ಸೇರಿದೆ. ದುಬಾರಿ ತಂತ್ರಾಂಶಗಳ ಕಳ್ಳಪ್ರತಿಯಲ್ಲಿ ಪಾಠ ಮಾಡಿ, ಅದೇ ಮಕ್ಕಳಿಗೆ ಹಲಾಲ್ ಸಂಪಾದನೆಯ ಉಪದೇಶ ನೀಡುವುದು ಹೇಗೆ? ಅದರ ಅಗತ್ಯವೂ ಇಲ್ಲ. ಪುಟ ವಿನ್ಯಾಸಕ್ಕೆ ಸ್ಕ್ರೈಬಸ್, ಚಿತ್ರರಚನೆಗೆ ಇಂಕ್‌ಸ್ಕೇಪ್, ಛಾಯಾಚಿತ್ರ ತಿದ್ದಲು ಗಿಂಪ್ ಉಚಿತವಾಗಿ, ಕಾನೂನುಬದ್ಧವಾಗಿ ಲಭ್ಯವಿವೆ. ಒಂದು ಕಾಲದಲ್ಲಿ ಸ್ಕ್ರೈಬಸ್‌ನಲ್ಲಿ ಕನ್ನಡದ ಒತ್ತಕ್ಷರಗಳು ಸರಿಯಾಗಿ ಮೂಡುತ್ತಿರಲಿಲ್ಲ. 2024ರ ಆರಂಭದಲ್ಲಿ ಬಂದ 1.6ನೇ ಆವೃತ್ತಿಯು ಭಾರತೀಯ ಲಿಪಿಗಳನ್ನು ನಿಭಾಯಿಸುತ್ತದೆ. ಹಳೆಯ ಕಂಪ್ಯೂಟರುಗಳಲ್ಲೂ ಇವುಗಳಿಂದ ಕೆಲಸ ಸಾಗುತ್ತದೆ.

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು. ಡಿ.ಟಿ.ಪಿ. ಮನೆಯಲ್ಲೇ ಕುಳಿತು ಮಾಡಬಹುದಾದ ಕೆಲಸವೆಂದು ಹೆತ್ತವರು ಇಷ್ಟಪಡುತ್ತಾರೆ. ಅನೇಕ ಸೋದರಿಯರು ಇದರಿಂದ ಗೌರವದ ಸಂಪಾದನೆ ಮಾಡುತ್ತಲೂ ಇದ್ದಾರೆ. ಆದರೆ ಮನೆಯಲ್ಲಿ ಮಾಡುವ ಕೆಲಸವೆಂಬ ಕಾರಣಕ್ಕೆ ಅರ್ಧ ಕೂಲಿ ಕೊಡುವ ಮುದ್ರಣಾಲಯಗಳೂ ಇವೆ. ಪುಟಕ್ಕೆ ಎಷ್ಟು ದರ, ತಿದ್ದುಪಡಿಗೆ ಎಷ್ಟು, ಹಣ ಯಾವಾಗ ಎಂದು ಮೊದಲೇ ಕೇಳಿ ಬರೆಸಿಕೊಳ್ಳುವುದನ್ನು ಹುಡುಗಿಯರಿಗೆ ತಂತ್ರಾಂಶದ ಜೊತೆಗೇ ಕಲಿಸಬೇಕು. ಬೆರಳಚ್ಚಿನಲ್ಲೇ ನಿಲ್ಲದೆ ಸಂಪಾದನೆ, ಅನುವಾದ, ವರದಿಗಾರಿಕೆಯ ಕಡೆಗೂ ಅವರು ನಡೆಯುವಂತಾಗಬೇಕು. ಇನ್ನೊಬ್ಬರ ಬರಹವನ್ನು ಟೈಪು ಮಾಡುತ್ತಾ ಕುಳಿತ ಪ್ರತಿಭೆ ತನ್ನದೇ ಬರಹಕ್ಕೆ ಪುಟ ಕಟ್ಟುವ ದಿನ ಬರಬೇಕು.

ಹಾಗಾದರೆ ಮಾಡಬೇಕಾದ್ದೇನು? ದೊಡ್ಡ ಯೋಜನೆಯ ಅಗತ್ಯವಿಲ್ಲ. ಹತ್ತು ಹಳೆಯ ಕಂಪ್ಯೂಟರುಗಳು, ಒಂದು ಲೇಸರ್ ಪ್ರಿಂಟರ್, ವಾರಕ್ಕೆ ಎರಡು ಅವಧಿ. ಕಂಪ್ಯೂಟರ್ ಶಿಕ್ಷಕರ ಜೊತೆ ಕನ್ನಡ ಶಿಕ್ಷಕರೂ ಉರ್ದು ಇರುವಲ್ಲಿ ಉರ್ದು ಶಿಕ್ಷಕರೂ ತರಗತಿಯಲ್ಲಿರಬೇಕು. ಎಂಟನೇ ತರಗತಿಯಲ್ಲಿ ಬೆರಳಚ್ಚು ಮತ್ತು ಕರಡು ತಿದ್ದುವುದು, ಒಂಬತ್ತರಲ್ಲಿ ಪುಟ ವಿನ್ಯಾಸ. ಪರೀಕ್ಷೆಯ ಬದಲು ವರ್ಷಕ್ಕೆರಡು ಬಾರಿ ಎಂಟು ಪುಟಗಳ ಶಾಲಾ ಪತ್ರಿಕೆ ಹೊರಬರಲಿ. ವರದಿ, ಸಂದರ್ಶನ, ತಿದ್ದುಪಡಿ, ವಿನ್ಯಾಸ ಎಲ್ಲವೂ ಮಕ್ಕಳದ್ದೇ ಆಗಿರಲಿ. ಊರಿನ ಮುದ್ರಣಾಲಯಕ್ಕೆ ಅವರನ್ನು ಒಮ್ಮೆ ಕರೆದೊಯ್ಯಿರಿ. ತಮ್ಮ ಪುಟ ಆಫ್‌ಸೆಟ್ ಯಂತ್ರದಿಂದ ಹೊರಬೀಳುವುದನ್ನು ಅವರು ಕಣ್ಣಾರೆ ಕಾಣಲಿ.

ಮಸೀದಿ, ಮದ್ರಸಗಳ ಆಡಳಿತ ಸಮಿತಿಗಳೂ ಇಲ್ಲಿ ನೆರವಾಗಬಹುದು. ರಮಝಾನ್‌ನ ವೇಳಾಪಟ್ಟಿ, ಜಮಾಅತಿನ ವಾರ್ಷಿಕ ವರದಿ, ರಶೀದಿ ಪುಸ್ತಕ, ಸಭೆಯ ಕರಪತ್ರ ಎಂದು ವರ್ಷವಿಡೀ ನಾವು ಮುದ್ರಿಸುತ್ತಲೇ ಇರುತ್ತೇವೆ. ಅವುಗಳಲ್ಲಿನ ಕಾಗುಣಿತವನ್ನು ಕಂಡರೆ ಅನ್ಯರ ಮುಂದೆ ತಲೆ ತಗ್ಗಿಸಬೇಕಾದ ಸ್ಥಿತಿ ಎಷ್ಟೋ ಬಾರಿ ಬರುತ್ತದೆ. ಈ ಕೆಲಸಗಳಲ್ಲಿ ಒಂದೆರಡನ್ನು ಮೊಹಲ್ಲಾದ ಶಾಲೆಯ ಮಕ್ಕಳಿಗೆ ಶಿಕ್ಷಕರ ಮೇಲ್ವಿಚಾರಣೆಯಲ್ಲಿ ವಹಿಸಿಕೊಟ್ಟು, ಅದಕ್ಕೆ ಸಲ್ಲಬೇಕಾದ ಹಣವನ್ನು ಶಾಲಾ ಪತ್ರಿಕೆಗೆ ನೀಡಬಾರದೇಕೆ? ಮಕ್ಕಳಿಗೆ ನಿಜವಾದ ಕೆಲಸದ ಅನುಭವ ಸಿಗುತ್ತದೆ. ಸಮುದಾಯಕ್ಕೆ ತಪ್ಪಿಲ್ಲದ ಕರಪತ್ರ ಸಿಗುತ್ತದೆ.

ಇಂದು ಕಲಿತ ತಂತ್ರಾಂಶ ಹತ್ತು ವರ್ಷಗಳಲ್ಲಿ ಮಾಯವಾಗಬಹುದು. ಪೇಜ್‌ಮೇಕರ್ ಹೋಯಿತು, ನಾಳೆ ಇನ್ನೊಂದೂ ಹೋದೀತು. ಆದರೆ ತಪ್ಪಿಲ್ಲದ ವಾಕ್ಯ ಬರೆಯುವುದು, ಬರೆದದ್ದನ್ನು ತಿದ್ದುವುದು, ಮುಖ್ಯವಾದುದನ್ನು ಮೇಲಿಡುವುದು, ಸುಳ್ಳನ್ನು ಅಚ್ಚು ಮಾಡದಿರುವುದು ಹಳತಾಗುವ ವಿದ್ಯೆಗಳಲ್ಲ. ಹೊಸ ಶೈಕ್ಷಣಿಕ ವರ್ಷದ ವೇಳಾಪಟ್ಟಿ ಸಿದ್ಧವಾಗುವ ಮುನ್ನ ನಮ್ಮ ಶಾಲೆಗಳ ಆಡಳಿತ ಮಂಡಳಿಗಳು ವಾರದ ಎರಡು ಅವಧಿಗಳನ್ನು ಇದಕ್ಕಾಗಿ ತೆಗೆದಿಡಲಿ. ಹೆತ್ತವರು ಮುಂದಿನ ಪೋಷಕರ ಸಭೆಯಲ್ಲಿ ಮಗುವಿನ ಅಂಕಗಳನ್ನು ಕೇಳಿದ ಬಳಿಕ ಶಾಲೆಯ ಕಂಪ್ಯೂಟರ್ ಕೊಠಡಿಯ ಕೀಲಿಕೈ ಎಲ್ಲಿದೆ ಎಂದೂ ಕೇಳಲಿ.